ಬದುಕಿರುವ ಕೀಟದ ಛಾಯಾಚಿತ್ರ

ಕೀಟದ ರೂಪವನ್ನು ಹಿರಿದುಮಾಡಿ ಕಾಣಬೇಕೆಂಬ ಕುತೂಹಲವು ಛಾಯಾಚಿತ್ರಕಲೆಗಿಂತ ಬಹು ಹಳೆಯದು. ಆ ಕುತೂಹಲಕ್ಕಾಗಿ ಕೀಟವು ಪ್ರಾಣವನ್ನು ತೆರಬೇಕಾಗಿ ಬಂದುದೂ ಅಷ್ಟೇ ಹಳೆಯದು. ಕ್ರಿ. ಶ. 1665ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯ’ ಎಂಬ ಗ್ರಂಥದಲ್ಲಿ ರಾಬರ್ಟ್ ಹುಕ್ ಎಂಬ ಪಂಡಿತನು ಇರುವೆಯೊಂದರ ಚಿತ್ರವನ್ನು ಬರೆಯಲು ತಾನು ಪಟ್ಟ ಪಾಡನ್ನು ವಿವರಿಸಿರುವನು. ಕಾಲುಗಳನ್ನು ಮೇಣದಿಂದ ಅಂಟಿಸಿದರೆ ಅದು ಮೈಯನ್ನು ತಿರುಚುತ್ತಿತ್ತು. ಕೊಂದರೆ ಆ ಕಿರಿಯ ದೇಹವು ಮುರುಟಿ ರೂಪಗೆಡುತ್ತಿತ್ತು. ಕಡೆಗೆ ಅವನು ಇರುವೆಗೆ ಬ್ರಾಂದಿಯ ಉಪಚಾರವನ್ನು ಮಾಡಿದನು! ಅದು ಅಮಲೇರಿ ಒಂದು ಗಂಟೆಗೂ ಮಿಕ್ಕಿ ಬಿದ್ದಿದ್ದು, ಬಳಿಕ ಥಟ್ಟನೆ ಎಚ್ಚೆತ್ತು ಓಡಿಹೋಯಿತಂತೆ.

ಛಾಯಾಯಂತ್ರವು ಬಂದ ಮೇಲೆಯೂ ಈ ಕಷ್ಟವು ತೀರಲಿಲ್ಲ. ಕೀಟವನ್ನು ಅದರ ನಿಜವಾದ ಅಳತೆಯಲ್ಲಿಯೇ ಫಲಕದ ಮೇಲೆ ಮೂಡಿಸಬೇಕಾದರೆ ಮಸೂರವನ್ನು ಫಲಕದಿಂದ ಅದರ ನಾಭಿದೂರದ ಎರಡರಷ್ಟು ದೂರಕ್ಕೆ ಸರಿಸಬೇಕು. ಆಗ ಫಲಕವನ್ನು ಮುಟ್ಟುವ ಬೆಳಕಿನ ತೀಕ್ಷ್ಣತೆಯು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು. ಸ್ಫುಟವಾಗಿ ಕಾಣುವ ಆಳವಾದರೋ ಒಂದೆರಡು ಮಿಲಿಮೀಟರುಗಳಿಗೆ ಕುಗ್ಗುವುದು. ಅದನ್ನು ಹೆಚ್ಚಿಸಲೆಂದು ಮಸೂರದ ರಂಧ್ರವನ್ನು ಕಿರಿದುಗೊಳಿಸಿದರೆ ಇದ್ದ ಬೆಳಕೂ ಸಾಲದು. ಬಹಳ ಹೊತ್ತು ಯಂತ್ರವನ್ನು ತೆರೆದಿಡಬೇಕು. ಜೀವವುಳ್ಳ ಯಾವ ಕೀಟವು ಅಷ್ಟು ಹೊತ್ತು ಅಲುಗದೆ ನಿಂತೀತು?

ಆದುದರಿಂದ ಅಮೇರಿಕದ ಸಸ್ಯಶಾಸ್ತ್ರಜ್ಞ ಡೇವಿಡ್ ಫೇರ್‌ಚೈಲ್ಡ್ ಮತ್ತು ಆತನ ಪತ್ನಿ ಮೇರಿಯನ್ ಅವರು 1914ರಲ್ಲಿ ‘ಬುಕ್ ಆಫ್ ಮಾನ್‌ಸ್ಟರ್ಸ್’, ಎಂದರೆ ‘ರಾಕ್ಷಸರ ಪುಸ್ತಕ’ವನ್ನು ಹೊರತಂದಾಗ, ಅದರ ಕೀಟಗಳನ್ನು ಕೊಂದು, ಜೀವಂತದ ಭಂಗಿಯಲ್ಲಿ ನಿಲ್ಲಿಸಿ, ಬಹು ಉದ್ದವಾದ ಯಂತ್ರದಿಂದ ಚಿತ್ರಗಳನ್ನು ತೆಗೆದಿದ್ದರು. ಮಿಡತೆಯ ಮುಖವು ಪುಟದ ತುಂಬ ನಿಂತು ಓದುಗನನ್ನು ದಿಟ್ಟಿಸುವುದು. ಚಿತ್ರಗಳು ಅದ್ಭುತವಾದುವೇ ಸರಿ. ಆದರೆ ಆ ದೃಷ್ಟಿಯಲ್ಲಿ ಪ್ರಾಣವಿಲ್ಲ.

ಇದಕ್ಕೆ ಹತ್ತು ವರ್ಷ ಮೊದಲೇ, ಪ್ಯಾರಿಸ್ಸಿನಲ್ಲಿ ಮಾರೇ ಎಂಬ ಶರೀರಶಾಸ್ತ್ರಜ್ಞನ ಶಿಷ್ಯನಾದ ಲೂಸಿಯನ್ ಬುಲ್ ಎಂಬವನು ಬೇರೊಂದು ದಾರಿಯನ್ನು ಹಿಡಿದಿದ್ದನು. ಕೀಟವನ್ನು ನಿಲ್ಲಿಸುವುದರ ಬದಲು ಬೆಳಕನ್ನೇ ಕ್ಷಣಿಕವಾಗಿಸಿದರಾಗದೇ? ಅವನು ವಿದ್ಯುತ್ಕಿಡಿಗಳ ಸಹಾಯದಿಂದ ಸೆಕೆಂಡಿಗೆ ಸುಮಾರು 2000ದ ವೇಗದಲ್ಲಿ ಹಾರುವ ಕೀಟಗಳ ಚಿತ್ರಗಳನ್ನು ತೆಗೆದನು. 1931ರ ಸುಮಾರಿಗೆ ಅಮೇರಿಕದ ಹೆರಾಲ್ಡ್ ಎಡ್ಗರ್ಟನ್ ಎಂಬವನು ಅನಿಲ ತುಂಬಿದ ಗಾಜಿನ ನಾಳದ ಮಿಂಚುದೀಪವನ್ನು ಸಿದ್ಧಪಡಿಸಿದ ಮೇಲೆ ಆ ದಾರಿಯು ಹೆದ್ದಾರಿಯಾಯಿತು.

ಅದರಲ್ಲಿ ಬಹು ದೂರ ನಡೆದವನು ಆಂಗ್ಲೇಯನಾದ ಸ್ಟೀಫನ್ ಡಾಲ್ಟನ್. ಸೆಕೆಂಡಿನ 25000ದಲ್ಲಿ ಒಂದು ಪಾಲಿನಷ್ಟು ಮಾತ್ರ ಹೊಳೆಯುವ ದೀಪದಿಂದ ಅವನು ಕೀಟಗಳ ರೆಕ್ಕೆಯ ಬೀಸನ್ನೇ ತಡೆದು ತೋರಿಸಿದನು. ಅವು 1975ರಲ್ಲಿ ‘ಬಾರ್ನ್ ಆನ್ ದಿ ವಿಂಡ್’ ಎಂಬ ಗ್ರಂಥವಾಗಿ ಬಂದುವು. 1977ರಲ್ಲಿ ವಾಯೇಜರ್ ಆಕಾಶನೌಕೆಗಳು ಹೊತ್ತೊಯ್ದ ಚಿತ್ರಸಂಗ್ರಹದಲ್ಲಿಯೂ ಅವನ ಹಾರುವ ಕೀಟವೊಂದುಂಟು. ಆದರೂ ಡಾಲ್ಟನ್ನನು ಕೀಟಗಳನ್ನು ಯಂತ್ರದ ಬಳಿಗೆ ತಂದವನು; ಯಂತ್ರವನ್ನು ಕೀಟದ ಬಳಿಗೆ, ಎಂದರೆ ಹೊಲಕ್ಕೂ ಕಾಡಿಗೂ ಒಯ್ಯಲು, ಮಸೂರದ ಮೂಲಕ ಒಳಬಂದ ಬೆಳಕನ್ನು ತಾನೇ ಅಳೆದು ಮಿಂಚುದೀಪವನ್ನು ಆರಿಸುವ ಕೈಯಂತ್ರಗಳು ಬೇಕಾದುವು. 1975ರಲ್ಲಿ ಮಾರಾಟಕ್ಕೆ ಬಂದ ಒಲಿಂಪಸ್ ಓಎಂ-2 ಅವುಗಳಲ್ಲಿ ಮೊದಲನೆಯದು.

ಇಂದು ಒಂದೇ ಕೀಟದ ಹತ್ತಾರು ಚಿತ್ರಗಳನ್ನು ಬೇರೆ ಬೇರೆ ಆಳದಲ್ಲಿ ತೆಗೆದು ಗಣಕಯಂತ್ರದಲ್ಲಿ ಒಂದಾಗಿ ಹೆಣೆಯುವರು. ಇದಕ್ಕೆ ಪುನಃ ನಿಶ್ಚಲತೆ ಬೇಕು. ಕೆಲವರು ಕೀಟವನ್ನು ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವುದುಂಟು. ಇದು ಹುಕ್ಕನ ಬ್ರಾಂದಿಗಿಂತ ಹೆಚ್ಚು ದಯೆಯುಳ್ಳ ಕಾರ್ಯವೇನೂ ಅಲ್ಲ. ತಾಳ್ಮೆಯುಳ್ಳವರು ಸೂರ್ಯೋದಯಕ್ಕೆ ಮುನ್ನವೇ ಹುಲ್ಲುಗಾವಲಿಗೆ ಹೋಗುವರು. ಆಗ ಏರೋಪ್ಲೇನ್ ಚಿಟ್ಟೆಯು ಮೈಯೆಲ್ಲ ಇಬ್ಬನಿಯನ್ನು ಹೊತ್ತು, ಚಳಿಗೆ ಮರಗಟ್ಟಿ, ಹುಲ್ಲಿನೆಸಳನ್ನು ಅಪ್ಪಿಕೊಂಡಿರುವುದು. ಬಿಸಿಲು ತಗುಲಿ ರೆಕ್ಕೆ ಅದಿರುವವರೆಗೆ ಮಾತ್ರ ಅವರಿಗೆ ಅವಕಾಶ.