ಓಡುತ್ತಿರುವ ಕರ್ನಲ್‌ನಲ್ಲಿ ಮೆಮೊರಿಯ ಕೂಡು-ಕಳೆ

ಕಂಪ್ಯೂಟರನ್ನು ಆರಿಸದೆ ಅದಕ್ಕೆ ಹೊಸ ಮೆಮೊರಿ ಸೇರಿಸಬಹುದು. ಇರುವುದರಲ್ಲಿ ಒಂದಷ್ಟನ್ನು ಬಿಡಿಸಿ ತೆಗೆಯಲೂಬಹುದು. ಮನೆಯ ಲ್ಯಾಪ್‌ಟಾಪಿಗೆ ಇದರ ಗರಜು ಬೀಳುವುದಿಲ್ಲ. ಹಗಲಿರುಳು ನಿಲ್ಲದೆ ಲೆಕ್ಕ ಬರೆಯುವ ಬ್ಯಾಂಕಿನ ಸರ್ವರ್‌ಗೆ, ಗಿರಾಕಿಗಳು ಬಂದು ಹೋಗುತ್ತಲೇ ಇರುವ ಕ್ಲೌಡ್ ಕಂಪನಿಯ ಯಂತ್ರಕ್ಕೆ ಬೀಳುತ್ತದೆ. ಸೇರಿಸುವುದು, ತೆಗೆಯುವುದು ಎಂದರೆ ಒಂದೇ ಕೆಲಸವನ್ನು ಮುಂದಕ್ಕೂ ಹಿಂದಕ್ಕೂ ಮಾಡಿದಂತೆ ಕಾಣುತ್ತದೆ. ಹಾಗಲ್ಲ. ಸೇರಿಸುವ ವಿದ್ಯೆ ಬೇಗ ಕೈಗೆ ಬಂತು; ತೆಗೆಯುವುದು ಇವತ್ತಿಗೂ ಖಾತ್ರಿಯಿಲ್ಲದ ಕೆಲಸ. ಐವತ್ತು ವರ್ಷ ದಾಟಿದ ಈ ಚರಿತ್ರೆಯನ್ನು ನೋಡುತ್ತಾ ಹೋದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತದೆ: ಒಂದು ತುಂಡು ಮೆಮೊರಿಯನ್ನು ಮುಂದೆ ಬಿಡಿಸಲು ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದನ್ನು ಸೇರಿಸಿದ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ.

ಕಷ್ಟ ಎಲ್ಲಿದೆ ಎಂದು ಮೊದಲು ಹೇಳಬೇಕು. ನಾವು ಓಡಿಸುವ ಪ್ರೋಗ್ರಾಮುಗಳು ಬಳಸುವುದು ವರ್ಚುವಲ್ ವಿಳಾಸ. ಆ ವಿಳಾಸದ ಹಿಂದೆ ನಿಜವಾಗಿ ಯಾವ ಚಿಪ್ಪಿನ ಯಾವ ಜಾಗವಿದೆ ಎಂಬುದನ್ನು ಪೇಜ್ ಟೇಬಲ್ ಹೇಳುತ್ತದೆ. ಹಾಗಾಗಿ ಪ್ರೋಗ್ರಾಮಿನ 4 ಕಿಲೋಬೈಟಿನ ಒಂದು ಪೇಜನ್ನು ಬೇರೆಡೆಗೆ ನಕಲು ಮಾಡಿ, ಟೇಬಲ್‌ನಲ್ಲಿ ಒಂದು ನಮೂದು ತಿದ್ದಿದರೆ ಪ್ರೋಗ್ರಾಮಿಗೆ ಗೊತ್ತೇ ಆಗುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತನಗಾಗಿ ಇಟ್ಟುಕೊಂಡ ಮೆಮೊರಿಯ ಸಂಗತಿ ಬೇರೆ. ಲಿನಕ್ಸ್‌ನಂಥ ಕರ್ನಲ್‌ಗಳು ಭೌತಿಕ ಮೆಮೊರಿ ಅಷ್ಟನ್ನೂ ತಮ್ಮ ವಿಳಾಸಗಳಲ್ಲಿ ನೇರ ಸಾಲಾಗಿ ಹರಡಿಕೊಳ್ಳುತ್ತವೆ: ಭೌತಿಕ ವಿಳಾಸಕ್ಕೆ ಒಂದು ನಿಶ್ಚಿತ ಸಂಖ್ಯೆ ಕೂಡಿಸಿದರೆ ಕರ್ನಲ್ ವಿಳಾಸ ಸಿಗುತ್ತದೆ. ಇದು ಬಹಳ ವೇಗದ ಏರ್ಪಾಡು. ಆದರೆ ಹಾಗೆ ಕೊಟ್ಟ ಜಾಗಕ್ಕೆ ಯಾರು ಯಾರು ಪಾಯಿಂಟರ್ ಹಿಡಿದಿದ್ದಾರೆ ಎಂಬ ಪಟ್ಟಿ ಎಲ್ಲೂ ಇರುವುದಿಲ್ಲ. ಪಟ್ಟಿಯಿಲ್ಲದೆ ತಿದ್ದುವುದು ಹೇಗೆ? ವಠಾರ ಖಾಲಿ ಮಾಡಿಸುವವರಿಗೆ ಇದು ಅರ್ಥವಾದೀತು. ಬಾಡಿಗೆದಾರರಿಗೆ ಬೇರೆ ಮನೆ ತೋರಿಸಬಹುದು, ಅಂಗಳದ ಬಾವಿಯನ್ನು ಎತ್ತಿ ಇನ್ನೊಂದು ಕಡೆ ಇಡಲು ಆಗುವುದಿಲ್ಲ.

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಆಳವಾಗಿ ಕೈಗೆತ್ತಿಕೊಂಡದ್ದು ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಎಂಐಟಿಯ ಬಳಗ. ವಿದ್ಯುತ್ತಿನಂತೆ, ಟೆಲಿಫೋನಿನಂತೆ ಸದಾ ಸಿಗುವ ಕಂಪ್ಯೂಟರ್ ಸೇವೆ ಕೊಡಬೇಕು ಎಂಬುದು ಮಲ್ಟಿಕ್ಸ್‌ನ ಹಂಬಲವಾಗಿತ್ತು. ಅಮೆರಿಕದ ವಾಯುಪಡೆಯಲ್ಲಿದ್ದ, ಮುಂದೆ ಕಂಪ್ಯೂಟರ್ ಸುರಕ್ಷತೆಯ ಕ್ಷೇತ್ರದಲ್ಲಿ ಹೆಸರಾದ ರೋಜರ್ ಶೆಲ್ 1971ರಲ್ಲಿ ಓಡುತ್ತಿರುವ ವ್ಯವಸ್ಥೆಯ ಮರುಜೋಡಣೆಯನ್ನೇ ವಿಷಯವಾಗಿಟ್ಟುಕೊಂಡು ಅಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ಪ್ರೊಸೆಸರನ್ನಾಗಲಿ ಮೆಮೊರಿ ಮಾಡ್ಯೂಲನ್ನಾಗಲಿ ಬಳಕೆದಾರರು ಕೆಲಸ ಮಾಡುತ್ತಿರುವಾಗಲೇ ಸೇರಿಸಿ ತೆಗೆಯುವುದು ಮಲ್ಟಿಕ್ಸ್‌ನಲ್ಲಿ ಆಪರೇಟರ್‌ಗಳ ರೂಢಿಯ ಕೆಲಸವಾಯಿತು. ಯಂತ್ರವನ್ನು ಎರಡು ಹೋಳು ಮಾಡಿ, ಒಂದರಲ್ಲಿ ಸೇವೆ ಮುಂದುವರಿಸಿ ಇನ್ನೊಂದರಲ್ಲಿ ಹೊಸ ಕೋಡ್ ಪರೀಕ್ಷಿಸುತ್ತಿದ್ದರು. ಮೈಕ್ರೊಪ್ರೊಸೆಸರ್ ಇನ್ನೂ ಕಣ್ಣುಬಿಡುತ್ತಿದ್ದ ಕಾಲದಲ್ಲಿ ಇಷ್ಟು ನಡೆದಿತ್ತು ಎಂಬುದನ್ನು ನೆನೆದರೆ ಗೌರವ ಮೂಡುತ್ತದೆ.

ಐಬಿಎಂ ಮೇನ್‌ಫ್ರೇಮ್‌ಗಳ ಎಂವಿಎಸ್ ಆಪರೇಟಿಂಗ್ ಸಿಸ್ಟಮ್ ಇದೇ ಪ್ರಶ್ನೆಗೆ ಲೆಕ್ಕಪತ್ರದವರ ಶಿಸ್ತಿನ ಉತ್ತರ ಕೊಟ್ಟಿತು. ಮೆಮೊರಿಯಲ್ಲಿ ಎಷ್ಟು ಭಾಗ ಮುಂದೆ ಬಿಡಿಸುವಂತಿರಬೇಕು ಎಂದು ವ್ಯವಸ್ಥೆ ಏಳುವಾಗಲೇ ಒಂದು ಪ್ಯಾರಾಮೀಟರ್‌ನಲ್ಲಿ ಬರೆದಿಡಬೇಕು. ಬಹುಕಾಲ ಕದಲದ ಪೇಜುಗಳನ್ನು ಆ ಭಾಗದಿಂದ ಹೊರಗಿಡಲಾಗುತ್ತದೆ. ಸನ್ ಕಂಪನಿ 1997ರಲ್ಲಿ ತಂದ ಎಂಟರ್‌ಪ್ರೈಸ್ 10000, ಅಂದರೆ ಸ್ಟಾರ್‌ಫೈರ್, ಮೆಮೊರಿ ಬಿಡಿಸುವ ಸೌಲಭ್ಯವನ್ನು ಯೂನಿಕ್ಸ್ ಜಗತ್ತಿಗೆ ತಂದಿತು. 16 ಬೋರ್ಡು, 64 ಪ್ರೊಸೆಸರ್, 64 ಗಿಗಾಬೈಟ್ ಮೆಮೊರಿಯ ಆ ದೊಡ್ಡ ಯಂತ್ರದಿಂದ ಒಂದು ಬೋರ್ಡನ್ನು ಮೆಮೊರಿ ಸಮೇತ ಎಳೆದು ತೆಗೆಯಬಹುದಿತ್ತು. ಆದರೆ ಆ ಯಂತ್ರವನ್ನು ನಡೆಸುವ ಸೋಲಾರಿಸ್ ಕರ್ನಲ್‌ನ ಪೇಜುಗಳು ಎಲ್ಲ ಬೋರ್ಡುಗಳಲ್ಲೂ ಚೆದುರಿಬಿಟ್ಟರೆ ಯಾವ ಬೋರ್ಡನ್ನೂ ಮುಟ್ಟುವಂತಿರಲಿಲ್ಲ. ಅದಕ್ಕಾಗಿ 'ಕರ್ನಲ್ ಕೇಜ್' ಬಂತು: ಕರ್ನಲ್ ತನ್ನ ಕದಲದ ಪೇಜುಗಳನ್ನು ಆದಷ್ಟೂ ಕಡಿಮೆ ಬೋರ್ಡುಗಳೊಳಗೆ ತಾನೇ ಕೂಡಿಹಾಕಿಕೊಳ್ಳಬೇಕು. ಕೇಜ್ ಇರುವ ಬೋರ್ಡನ್ನೇ ತೆಗೆಯಬೇಕಾಗಿ ಬಂದರೆ ಇಡೀ ವ್ಯವಸ್ಥೆಯನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸಿ ನಕಲು ಮಾಡಬೇಕಿತ್ತು. 2002ರಲ್ಲಿ ಐಬಿಎಂನ ಯೂನಿಕ್ಸ್ ಆದ ಎಐಎಕ್ಸ್ 5.2, ಪವರ್4 ಯಂತ್ರಗಳಲ್ಲಿ ಮೆಮೊರಿಯನ್ನು ಯಂತ್ರದ ಒಂದು ಪಾರ್ಟಿಶನ್‌ನಿಂದ ಇನ್ನೊಂದಕ್ಕೆ, ಎರಡನ್ನೂ ನಿಲ್ಲಿಸದೆ, ದಾಟಿಸತೊಡಗಿತು. ಎಂವಿಎಸ್, ಸೋಲಾರಿಸ್ ಎರಡೂ 'ಕದಲದ್ದನ್ನು ಮೊದಲೇ ಬೇರೆ ಕೂರಿಸು' ಎಂಬಲ್ಲಿಗೇ ಬಂದು ನಿಂತದ್ದು ಆಕಸ್ಮಿಕವಲ್ಲ.

ಲಿನಕ್ಸ್ ಈ ದಾರಿಗೆ ಬಂದದ್ದು ತಡವಾಗಿ. ಅಲ್ಲಿ ಪ್ರತಿ ಪೇಜಿಗೂ ಒಂದೊಂದು 'ಸ್ಟ್ರಕ್ಟ್ ಪೇಜ್' ದಾಖಲೆ ಇರುತ್ತದೆ. ಮೊದಲು ಈ ದಾಖಲೆಗಳೆಲ್ಲ ಒಂದೇ ಉದ್ದನೆಯ ಸಾಲಾಗಿದ್ದವು, ಬೂಟ್ ಆಗುವಾಗ ಅಳತೆ ನಿಗದಿಯಾದರೆ ಮುಗಿಯಿತು. 2005ರಲ್ಲಿ ಬಂದ ಸ್ಪಾರ್ಸ್‌ಮೆಮ್ ಮಾದರಿ ಮೆಮೊರಿಯನ್ನು ಸೆಕ್ಷನ್‌ಗಳಾಗಿ ಕತ್ತರಿಸಿತು. ಎಕ್ಸ್86ರ 64 ಬಿಟ್ ಯಂತ್ರಗಳಲ್ಲಿ ಒಂದು ಸೆಕ್ಷನ್ 128 ಮೆಗಾಬೈಟ್. ಅದರ ಬೆನ್ನಿಗೇ ಐಬಿಎಂನ ಡೇವ್ ಹ್ಯಾನ್ಸನ್, ಫುಜಿತ್ಸುವಿನ ಯಸುನೊರಿ ಗೋಟೊ ಮುಂತಾದವರ ಶ್ರಮದಿಂದ ಮೆಮೊರಿ ಸೇರಿಸುವ ಕೋಡ್ ಮುಖ್ಯ ಕರ್ನಲ್ಲಿಗೆ ಸೇರಿತು. ಸೇರಿಸುವುದರಲ್ಲಿ ಎರಡು ಹೆಜ್ಜೆ. ಮೊದಲಿಗೆ ಸೆಕ್ಷನ್ನಿಗೆ ದಾಖಲೆಗಳನ್ನು ಹುಟ್ಟಿಸಿ, ಕರ್ನಲ್ ತನ್ನ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಅದಕ್ಕೊಂದು ಡೈರೆಕ್ಟರಿ ತೆರೆಯುವುದು. ಆಮೇಲೆ ಆನ್‌ಲೈನ್ ಮಾಡಿ ಪೇಜುಗಳನ್ನು ಹಂಚಿಕೆಗೆ ಬಿಡುವುದು.

ತೆಗೆಯುವ ಕೋಡ್ ಬರಲು ಇನ್ನೆರಡು ವರ್ಷ ಹಿಡಿಯಿತು. ಆ ಎರಡು ವರ್ಷದ ಕೆಲಸದಲ್ಲಿ ನಾನು ಅತಿ ದೊಡ್ಡದೆಂದು ಎಣಿಸುವುದು ಐರ್ಲೆಂಡಿನ ಮೆಲ್ ಗೋರ್ಮನ್ ಅವರ ಕೊಡುಗೆ. ಪೇಜುಗಳನ್ನು ಕದಲಿಸಬಹುದಾದವು, ಕದಲಿಸಲಾಗದವು, ಮರಳಿ ಪಡೆಯಬಹುದಾದವು ಎಂದು ವಿಂಗಡಿಸಿ ಗುಂಪು ಮಾಡುವ ಪದ್ಧತಿ ಮತ್ತು ಕದಲಿಸಬಹುದಾದವಕ್ಕೆ ಮಾತ್ರ ಮೀಸಲಾದ 'ಜೋನ್ ಮೂವಬಲ್' ಎರಡೂ 2007-08ರ 2.6.23, 2.6.24 ಆವೃತ್ತಿಗಳಲ್ಲಿ ಬಂದವು. ಅದೇ 2.6.24ರಲ್ಲಿ ಫುಜಿತ್ಸುವಿನ ಹಿರೊಯುಕಿ ಕಮೆಜಾವಾ ಬರೆದ ಆಫ್‌ಲೈನ್ ಮಾಡುವ ಕೋಡ್ ಸೇರಿತು. ಗೋರ್ಮನ್ ಅವರ ವಿಂಗಡಣೆ ಇಲ್ಲದಿದ್ದರೆ ಕಮೆಜಾವಾ ಅವರ ಕೋಡ್‌ಗೆ ಬಿಡಿಸಲು ಬರುವ ಸೆಕ್ಷನ್‌ಗಳು ಸಿಗುವುದೇ ದುರ್ಲಭವಾಗುತ್ತಿತ್ತು.

ಒಂದು ಬ್ಲಾಕನ್ನು, ಇಲ್ಲಿ ಒಂದು ಸೆಕ್ಷನ್ ಅಳತೆಯದನ್ನು, ಬಿಡಿಸುವಾಗ ನಡೆಯುವುದನ್ನು ಹತ್ತಿರದಿಂದ ನೋಡೋಣ. ಅಡ್ಮಿನ್ ಆ ಬ್ಲಾಕಿನ 'ಸ್ಟೇಟ್' ಫೈಲಿಗೆ 'ಆಫ್‌ಲೈನ್' ಎಂದು ಬರೆಯುತ್ತಾರೆ. ಕರ್ನಲ್ ಮೊದಲು ಆ ವ್ಯಾಪ್ತಿಯ ಖಾಲಿ ಪೇಜುಗಳನ್ನು ಪ್ರತ್ಯೇಕ ಪಟ್ಟಿಗೆ ಹಾಕುತ್ತದೆ. ಇನ್ನು ಯಾರಿಗೂ ಅವು ಸಿಗಲಾರವು. ಪ್ರತಿ ಪ್ರೊಸೆಸರ್ ತನ್ನ ಬಳಿ ಕೈಗೆಟುಕುವಂತೆ ಇಟ್ಟುಕೊಂಡಿದ್ದ ಪೇಜುಗಳನ್ನೂ ಕಕ್ಕಿಸುತ್ತದೆ. ಬಳಿಕ ಬಳಕೆಯಲ್ಲಿರುವ ಪೇಜುಗಳ ಸರದಿ. ಒಂದೊಂದಕ್ಕೂ ಬೇರೆಡೆ ಹೊಸ ಜಾಗ ಹುಡುಕಿ, ಪೇಜ್ ಟೇಬಲ್‌ನ ನಮೂದನ್ನು 'ಸ್ಥಳಾಂತರ ನಡೆದಿದೆ' ಎಂಬ ಗುರುತಿಗೆ ಬದಲಿಸುತ್ತದೆ. ಆ ಹೊತ್ತಿನಲ್ಲಿ ಪ್ರೋಗ್ರಾಮು ಅದೇ ಪೇಜನ್ನು ಮುಟ್ಟಿದರೆ ಕಾಯಬೇಕು. 4096 ಬೈಟುಗಳನ್ನು ನಕಲು ಮಾಡಿ, ನಮೂದನ್ನು ಹೊಸ ಜಾಗದತ್ತ ತಿರುಗಿಸಿದರೆ ಒಂದು ಪೇಜು ಮುಗಿಯಿತು. ಒಂದು ಸೆಕ್ಷನ್ನಿನಲ್ಲಿ ಇಂಥವು 32,768. ಅವುಗಳಲ್ಲಿ ಒಂದೇ ಒಂದು ಕರ್ನಲ್‌ನ ಸ್ವಂತದ್ದಾಗಿದ್ದರೂ ಸಾಕು, 128 ಮೆಗಾಬೈಟ್ ಅಲ್ಲೇ ಉಳಿಯುತ್ತದೆ. ಡಿಸ್ಕಿನ ಕೆಲಸಕ್ಕಾಗಿ ತಾತ್ಕಾಲಿಕವಾಗಿ ಹಿಡಿದಿಟ್ಟ ಪೇಜಾದರೆ ಮತ್ತೆ ಮತ್ತೆ ಪ್ರಯತ್ನಿಸಬೇಕು. ಹಿಂದೆ ಇದಕ್ಕೆ 120 ಸೆಕೆಂಡಿನ ಗಡುವಿತ್ತು. ಅದನ್ನು ತೆಗೆದುಹಾಕಿದ ಮೇಲೆ, ಅಡ್ಮಿನ್ ತಾವಾಗಿ ನಿಲ್ಲಿಸುವವರೆಗೂ ಕರ್ನಲ್ ಪ್ರಯತ್ನಿಸುತ್ತಲೇ ಇರುತ್ತದೆ. ಇದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಎಷ್ಟು ಕಾಯಬಹುದು ಎಂಬುದು ಕರ್ನಲ್‌ಗಿಂತ ಯಂತ್ರ ನಡೆಸುವವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಸೇರಿಸುವುದನ್ನೆಲ್ಲ ಜೋನ್ ಮೂವಬಲ್‌ಗೇ ಹಾಕಿದರೆ ಆಯಿತಲ್ಲ ಎನಿಸಬಹುದು. ಅಲ್ಲೊಂದು ಅಡ್ಡಿಯಿದೆ. ಆ ಜೋನಿನಿಂದ ಕರ್ನಲ್ ತನ್ನ ಕೆಲಸಕ್ಕೆ ಜಾಗ ಪಡೆಯುವಂತಿಲ್ಲ. ಪೇಜ್ ಟೇಬಲ್, ನೆಟ್‌ವರ್ಕ್ ಬಫರ್, ಫೈಲುಗಳ ವಿವರ ಎಲ್ಲವೂ ಉಳಿದ ಚಿಕ್ಕ ಭಾಗದಿಂದಲೇ ಬರಬೇಕು. ಅದು ಬರಿದಾದರೆ, ಇನ್ನೊಂದೆಡೆ ನೂರಾರು ಗಿಗಾಬೈಟ್ ಖಾಲಿ ಬಿದ್ದಿದ್ದರೂ ಯಂತ್ರ ಮೆಮೊರಿ ಸಾಲದೆ ಪ್ರೋಗ್ರಾಮುಗಳನ್ನು ಕೊಲ್ಲತೊಡಗುತ್ತದೆ. ಆದ್ದರಿಂದಲೇ ಕರ್ನಲ್‌ನ 'ಆಟೊ-ಮೂವಬಲ್' ನೀತಿಯಲ್ಲಿ ಕರ್ನಲ್ ಭಾಗ ಒಂದಿದ್ದರೆ ಮೂವಬಲ್ ಸುಮಾರು ಮೂರು ಎಂಬ ಮಿತಿ ಇಟ್ಟಿದ್ದಾರೆ. ಸ್ಟ್ರಕ್ಟ್ ಪೇಜ್ ದಾಖಲೆಗಳದೂ ಸಣ್ಣ ಭಾರವಲ್ಲ. ಪ್ರತಿ 4096 ಬೈಟಿಗೆ 64 ಬೈಟ್ ಎಂದರೆ ಅರವತ್ನಾಲ್ಕರಲ್ಲಿ ಒಂದು ಪಾಲು. ಒಂದು ಟೆರಾಬೈಟ್ ಸೇರಿಸಲು 16 ಗಿಗಾಬೈಟ್ ದಾಖಲೆಗಳೇ ಬೇಕು. ಮೆಮೊರಿ ಸಾಲದೆಂದು ತರಿಸಿಕೊಂಡ ಯಂತ್ರ, ತಂದದ್ದನ್ನು ಸೇರಿಸಿಕೊಳ್ಳಲು ಮೊದಲು ತನ್ನಲ್ಲಿರುವ ಮೆಮೊರಿಯನ್ನೇ ಖರ್ಚು ಮಾಡಬೇಕಾಗುತ್ತಿತ್ತು. 2021ರಲ್ಲಿ ಸೂಸೆ ಕಂಪನಿಯ ಆಸ್ಕರ್ ಸಾಲ್ವಡಾರ್ ಆ ದಾಖಲೆಗಳನ್ನು ಹೊಸ ಮೆಮೊರಿಯ ಆರಂಭದಲ್ಲೇ ಬರೆದಿಡುವ ಸೌಲಭ್ಯ ತಂದರು. ಬಂದದ್ದು ತನ್ನ ಖರ್ಚನ್ನು ತಾನೇ ಹೊತ್ತು ಬರುತ್ತದೆ, ಹೋಗುವಾಗ ದಾಖಲೆಯನ್ನೂ ಒಯ್ಯುತ್ತದೆ.

ಈ ನಡುವೆ ಬೇಡಿಕೆಯ ಸ್ವರೂಪವೇ ಬದಲಾಗಿತ್ತು. ಬೋರ್ಡು ಎಳೆಯುವ ಯಂತ್ರಗಳು ಕೆಲವೇ, ವರ್ಚುವಲ್ ಮಷೀನುಗಳು ಅಸಂಖ್ಯ. 2002ರಲ್ಲಿ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ ಬಲೂನ್ ತಂತ್ರವನ್ನು ವಿವರಿಸಿದರು: ಗೆಸ್ಟ್, ಅಂದರೆ ವರ್ಚುವಲ್ ಮಷೀನಿನ, ಒಳಗಿನ ಒಂದು ಡ್ರೈವರ್ ಪೇಜುಗಳನ್ನು ಕೇಳಿ ಪಡೆದು ಹಿಡಿದಿಟ್ಟುಕೊಂಡು, ಅವುಗಳ ಹಿಂದಿನ ನಿಜವಾದ ಜಾಗವನ್ನು ವರ್ಚುವಲ್ ಮಷೀನುಗಳನ್ನು ನಡೆಸುವ ಹೈಪರ್‌ವೈಸರ್‌ಗೆ ಬಿಟ್ಟುಕೊಡುತ್ತದೆ. ಸೆಕ್ಷನ್ ಖಾಲಿ ಮಾಡುವ ತಾಪತ್ರಯವೇ ಇಲ್ಲ. ಆದರೆ ಬಲೂನಿಗೆ ಸಿಗುವುದು ಗೆಸ್ಟ್ ಕೊಟ್ಟ ಬಿಡಿಬಿಡಿ ಪೇಜುಗಳು. ಯಾವ ನ್ಯೂಮಾ ನೋಡ್‌ನಿಂದ, ಅಂದರೆ ಯಾವ ಪ್ರೊಸೆಸರಿಗೆ ಹತ್ತಿರದ ಮೆಮೊರಿಯಿಂದ, ಎಷ್ಟು ಬೇಕು ಎಂದು ಕೇಳಲು ಬರುತ್ತಿರಲಿಲ್ಲ. 2020ರಲ್ಲಿ ರೆಡ್ ಹ್ಯಾಟ್‌ನ ಡೇವಿಡ್ ಹಿಲ್ಡೆನ್‌ಬ್ರಾಂಡ್ ರೂಪಿಸಿದ, ವರ್ಚುವಲ್ ಮಷೀನಿಗೆ ಮೆಮೊರಿ ಸೇರಿಸಿ ತೆಗೆಯುವ ವರ್ಟಿಯೊ-ಮೆಮ್ ಲಿನಕ್ಸ್ 5.8ರಲ್ಲಿ ಬಂತು. ಅದು ಬ್ಲಾಕನ್ನು ಇಡಿಯಾಗಿ ಬಿಡಿಸಬೇಕೆಂದು ಹಟ ಹಿಡಿಯುವುದಿಲ್ಲ. ಬ್ಲಾಕಿನೊಳಗೆ ಕೆಲವೇ ಮೆಗಾಬೈಟಿನ ತುಂಡುಗಳು ಬಿಡುಗಡೆಯಾದರೆ ಅಷ್ಟನ್ನೇ ಹಿಂದಿರುಗಿಸುತ್ತದೆ, ಉಳಿದದ್ದು ಕೆಲಸ ಮಾಡುತ್ತಿರುತ್ತದೆ. ಒಂದು ಪೇಜಿನ ಮೊಂಡುತನಕ್ಕೆ 128 ಮೆಗಾಬೈಟ್ ದಂಡ ತೆರುವುದು ತಪ್ಪಿದ್ದು ಇಲ್ಲಿ.

ಈಗಿನ ಒತ್ತಡ ಸಿಎಕ್ಸ್‌ಎಲ್‌ನಿಂದ. 2019ರಲ್ಲಿ ಮೊದಲ ಆವೃತ್ತಿ ಕಂಡ ಈ ಸಂಪರ್ಕ ವ್ಯವಸ್ಥೆಯಲ್ಲಿ ಮೆಮೊರಿ ಮದರ್‌ಬೋರ್ಡಿನ ಸ್ಲಾಟ್ ಬಿಟ್ಟು ಹೊರಗೆ ಕೂರಬಲ್ಲದು, ಹಲವು ಸರ್ವರ್‌ಗಳ ನಡುವಿನ ಪೂಲ್ ಆಗಬಲ್ಲದು. ಮೈಕ್ರೊಸಾಫ್ಟ್‌ನ ಅಝೂರ್ ಮೇಲೆ ನಡೆದ ಪಾಂಡ್ ಅಧ್ಯಯನ, ಪ್ರೊಸೆಸರ್‌ಗಳೆಲ್ಲ ಬಾಡಿಗೆಗೆ ಹೋದ ಮೇಲೆ ಯಾರಿಗೂ ಕೊಡಲಾಗದೆ ಉಳಿಯುವ ಮೆಮೊರಿ ಶೇ. 25ರವರೆಗೂ ಮುಟ್ಟುತ್ತದೆಂದು ತೋರಿಸಿತು. 2022ರ ಸಿಎಕ್ಸ್‌ಎಲ್ 3.0ದಲ್ಲಿ ಓಡುತ್ತಿರುವಾಗಲೇ ಸಾಮರ್ಥ್ಯ ಕೊಟ್ಟು ವಾಪಸು ಪಡೆಯುವ ಏರ್ಪಾಡಿದೆ. ಕೊಟ್ಟದ್ದನ್ನು ಸೇರಿಸಿಕೊಳ್ಳಲು ಕರ್ನಲ್ ಸಿದ್ಧವಾಗಿದೆ. ಇಂಟೆಲ್‌ನ ಆಪ್ಟೇನ್ ಮೆಮೊರಿಗಾಗಿ ಬರೆದು, 2019ರಲ್ಲಿ ಲಿನಕ್ಸ್ 5.1ಕ್ಕೆ ಬಂದ ಡ್ರೈವರ್ ಈಗ ಸಿಎಕ್ಸ್‌ಎಲ್ ಮೆಮೊರಿಯನ್ನೂ ಸಾಮಾನ್ಯ ಮೆಮೊರಿಯಾಗಿ ಸೇರಿಸುತ್ತದೆ. ಆಪ್ಟೇನ್ ವ್ಯಾಪಾರವನ್ನು ಇಂಟೆಲ್ 2022ರಲ್ಲಿ ಕೈಬಿಟ್ಟರೂ ದಾರಿ ಉಳಿಯಿತು.

ವಾಪಸು ಕೊಡುವುದಕ್ಕೆ ಮಾತ್ರ ಹಳೆಯ ಶರತ್ತೇ. ಸೇರಿಸುವಾಗ ಮೂವಬಲ್ ಎಂದು ಹೇಳಿರಬೇಕು. ನೆಟ್‌ವರ್ಕಿನ ಮೂಲಕ ಮೆಮೊರಿಯನ್ನು ನೇರವಾಗಿ ಓದಿ ಬರೆಯುವ ಆರ್‌ಡಿಎಂಎಯಂಥ ಸಾಧನಗಳು ದೀರ್ಘಕಾಲ ಹಿಡಿದಿಡುವ ಪೇಜುಗಳನ್ನು ಆ ಜೋನಿನಿಂದ ಮೊದಲೇ ಹೊರಗೆ ಸಾಗಿಸಿರಬೇಕು. ಈಗಿನ ಕರ್ನಲ್ ಅದನ್ನು ಮಾಡುತ್ತದೆ. ಇಷ್ಟಾದರೂ ಬಿಡಿಸುವುದು ಪ್ರಯತ್ನವೇ ಹೊರತು ಖಾತ್ರಿಯಲ್ಲ. ಖಾತ್ರಿ ಬೇಕೇ ಬೇಕು ಎನ್ನುವವರಿಗೆ ಇನ್ನೊಂದು ದಾರಿ ತೆರೆದಿದೆ: ಆ ಮೆಮೊರಿಯನ್ನು ಸಾಮಾನ್ಯ ಹಂಚಿಕೆಗೆ ಸೇರಿಸಲೇ ಕೂಡದು. ಡೆವ್‌ಡ್ಯಾಕ್ಸ್ ರೂಪದಲ್ಲಿ ಒಂದು ಸಾಧನವಾಗಿ ಇಟ್ಟು, ಬೇಕಾದ ಡೇಟಾಬೇಸ್ ಅದನ್ನು ನೇರವಾಗಿ ಮ್ಯಾಪ್ ಮಾಡಿಕೊಳ್ಳುವಂತೆ ಮಾಡಬೇಕು. ಕರ್ನಲ್‌ನ ಸ್ವಂತ ಪೇಜು ಅಲ್ಲಿ ಬಂದು ಕೂರುವ ಪ್ರಶ್ನೆಯೇ ಇಲ್ಲ. ಡೇಟಾಬೇಸ್ ಮುಚ್ಚಿದರೆ ಮೆಮೊರಿ ಬಿಡುಗಡೆ. ಪ್ರೋಗ್ರಾಮನ್ನು ಅದಕ್ಕೆ ಒಗ್ಗಿಸಿ ಬರೆಯುವ ಶ್ರಮ ಹೆಚ್ಚು, ಎಲ್ಲ ಪ್ರೋಗ್ರಾಮುಗಳಿಗೂ ಅದು ಹೊಂದುವುದಿಲ್ಲ. ಆದರೂ ಪೂಲ್‌ನಿಂದ ತಂದ ಮೆಮೊರಿಯನ್ನು ಹೇಳಿದ ಹೊತ್ತಿಗೆ ಹಿಂದಿರುಗಿಸಲೇಬೇಕಾದ ಕಡೆ ನಾನು ಶಿಫಾರಸು ಮಾಡುವುದು ಇದನ್ನೇ.