ಚೀನೀ ಕೋಣೆ: ಯಂತ್ರಕ್ಕೆ ಅರ್ಥ ತಿಳಿಯುತ್ತದೆಯೇ?

ಕಂಪ್ಯೂಟರಿಗೆ ಭಾಷೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ (1932–2025) ಅವರು 1980ರಲ್ಲಿ ಕೊಟ್ಟ ಉತ್ತರವೇ 'ಚೀನೀ ಕೋಣೆ'. ಚೀನೀ ಭಾಷೆಯ ಗಂಧಗಾಳಿಯೂ ಇಲ್ಲದ ಒಬ್ಬಾತ ಮುಚ್ಚಿದ ಕೋಣೆಯಲ್ಲಿದ್ದಾನೆ ಎಂದುಕೊಳ್ಳಿ. ಹೊರಗಿನಿಂದ ಚೀನೀ ಲಿಪಿಯಲ್ಲಿ ಪ್ರಶ್ನೆಗಳ ಚೀಟಿ ಬರುತ್ತದೆ. ಯಾವ ಅಕ್ಷರಕ್ಕೆ ಯಾವ ಅಕ್ಷರ ಕೊಡಬೇಕೆಂಬ ನಿಯಮದ ಪುಸ್ತಕ ಅವನ ಭಾಷೆಯಾದ ಇಂಗ್ಲಿಷಿನಲ್ಲಿದೆ. ಅದನ್ನು ನೋಡಿ ಉತ್ತರದ ಚೀಟಿ ಕಳಿಸುತ್ತಾನೆ. ಹೊರಗಿನವರಿಗೆ ಅವನು ಚೀನೀ ಬಲ್ಲವನೆಂದೇ ತೋರುತ್ತದೆ. ಅವನಿಗೋ ಒಂದಕ್ಷರವೂ ಅರ್ಥವಾಗಿಲ್ಲ.

ನಿಯಮದಂತೆ ಅಕ್ಷರ ಜೋಡಿಸುವುದು ಬೇರೆ, ಅರ್ಥ ತಿಳಿಯುವುದು ಬೇರೆ ಎಂಬುದು ಸರ್ಲ್ ವಾದ. ಮಾತಿಗೆ ಅರ್ಥ ಬರುವುದು ಆಡುವವರ ಮನಸ್ಸಿನ ಉದ್ದೇಶದಿಂದ. ಆದರೆ ಆ ವ್ಯಕ್ತಿಗೆ ತಿಳಿಯದಿದ್ದರೂ ಪುಸ್ತಕ, ಕೋಣೆ ಎಲ್ಲ ಸೇರಿದ ವ್ಯವಸ್ಥೆಗೆ ತಿಳಿದಿದೆ ಎಂದು ವಾದಿಸಿದವರೂ ಇದ್ದಾರೆ. ಪುಸ್ತಕವನ್ನೇ ಬಾಯಿಪಾಠ ಮಾಡಿದರೂ ಅವನಿಗೆ ಚೀನೀ ಬಾರದು ಎಂಬುದು ಸರ್ಲ್ ಮರುತ್ತರ.

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಇಂದಿನ ಭಾಷಾ ಮಾದರಿಗಳು ಅಪಾರ ಬರಹಗಳಿಂದ ಪದಗಳ ನಂಟು ಕಲಿತು ಮುಂದಿನ ಪದವನ್ನು ಊಹಿಸುತ್ತವೆ. ಅವಕ್ಕೆ ಅರ್ಥ ತಿಳಿದಿದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಗಡಿನಾಡಿನವರಿಗೆ ಇದು ದೂರದ ಮಾತಲ್ಲ. 'ಅವಸರ' ಎಂದರೆ ಕನ್ನಡದಲ್ಲಿ ಆತುರ, ತೆಲುಗಿನಲ್ಲಿ ಅಗತ್ಯ, ಮಲಯಾಳದಲ್ಲಿ ಅವಕಾಶ. ಎದುರಿಗಿದ್ದವರ ಉದ್ದೇಶ ನೋಡಿ ನಾವು ಅರ್ಥ ಹಿಡಿಯುತ್ತೇವೆ. ಮೊಬೈಲು ತಪ್ಪು ಅರ್ಥ ಹೇಳಿದರೆ ಅದರ ಹೊಣೆ ಮೊಬೈಲಿನದಲ್ಲ. ಹಾಗಾಗಿ ಜಮೀನಿನ ಕಾಗದಕ್ಕೆ ಸಹಿ ಹಾಕುವ ಮುನ್ನ ಎರಡೂ ಭಾಷೆ ಬಲ್ಲವರೊಬ್ಬರಿಂದ ಓದಿಸಿಕೊಳ್ಳುವುದು ಲೇಸು.