ದ್ರವಗಳ ದ್ಯುತಿ-ಎಲೆಕ್ಟ್ರಾನ್ ರೋಹಿತ: ಉಪಕರಣ ನಿರ್ಮಾಣದ ಇತಿಹಾಸ

ದ್ಯುತಿವಿದ್ಯುತ್ ಪರಿಣಾಮದ ಇತಿಹಾಸವನ್ನು 1887ರ ಹರ್ಟ್ಸನಿಂದಲೋ 1905ರ ಐನ್‌ಸ್ಟೈನನಿಂದಲೋ ಆರಂಭಿಸುವುದು ವಾಡಿಕೆ. ನಾವಿಲ್ಲಿ ಸಿದ್ಧಾಂತವನ್ನು ಬಿಟ್ಟು ಉಪಕರಣ ಕಟ್ಟಿದವರ ಕಡೆಗೆ ತಿರುಗುತ್ತೇವೆ. ದ್ರವಗಳ ವಿಷಯದಲ್ಲಿ ಸೂಜಿರಂಧ್ರಗಳೂ ಪಂಪುಗಳೂ ಒಡ್ಡಿದ ತೊಡಕೇ ದೊಡ್ಡದು.

ವಸ್ತುವಿನಿಂದ ಹೊರಟ ಎಲೆಕ್ಟ್ರಾನಿನ ಚಲನಶಕ್ತಿಯನ್ನು ಅಳೆಯಬೇಕಾದರೆ, ಅದು ವಿಶ್ಲೇಷಕವನ್ನು ಸೇರುವವರೆಗೆ ಯಾವ ಅಣುವಿಗೂ ಡಿಕ್ಕಿ ಹೊಡೆಯಕೂಡದು. ಅದಕ್ಕೆ ನಿರ್ವಾತ ಬೇಕು. ದ್ರವವಾದರೋ ನಿರ್ವಾತದಲ್ಲಿ ಆವಿಯಾಗಿ ಆ ನಿರ್ವಾತವನ್ನೇ ಕೆಡಿಸುತ್ತದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ನೀರಿನ ಆವಿಯ ಒತ್ತಡ ಸುಮಾರು 6 ಮಿಲಿಬಾರ್. ಅಂಥ ಆವಿಯಲ್ಲಿ ಅಣುವೊಂದು ಡಿಕ್ಕಿಯಿಲ್ಲದೆ ಸಾಗುವ ಸರಾಸರಿ ದೂರ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ. ಸ್ವೀಡನ್ನಿನ ಉಪ್ಸಾಲದಲ್ಲಿ ಕಾಯ್ ಸೀಗ್‌ಬಾನರೂ ಸಂಗಡಿಗರೂ 1967ರಲ್ಲಿ ಮುಖ್ಯವಾಗಿ ಘನವಸ್ತುಗಳನ್ನೂ 1969ರಲ್ಲಿ ಬಿಡಿ ಅಣುಗಳನ್ನೂ ಕುರಿತು ಬೃಹದ್ಗ್ರಂಥಗಳನ್ನು ಹೊರತಂದರೂ ದ್ರವವು ಹೊರಗೇ ಉಳಿದುದು ಇದರಿಂದ.

1973ರಲ್ಲಿ ಹಾನ್ಸ್ ಸೀಗ್‌ಬಾನರೂ ಅವರ ತಂದೆ ಕಾಯ್ ಅವರೂ ದ್ರವದ ಧಾರೆಯೊಂದನ್ನು ಕ್ಷ-ಕಿರಣಗಳ ಎದುರು ಹರಿಯಬಿಟ್ಟರು. (ಅಜ್ಜ ಮಾನ್ನೆ ಅವರಿಗೆ ಕ್ಷ-ಕಿರಣ ರೋಹಿತಕ್ಕಾಗಿ 1924ರ ನೊಬೆಲ್ ಬಹುಮಾನ ಬಂದಿತ್ತು; ಇದು ಮನೆತನದ ಕಸುಬೆಂದರೂ ಸಲ್ಲುತ್ತದೆ.) ಅವರು ಆರಿಸಿಕೊಂಡುದು ನೀರನ್ನಲ್ಲ, ಆವಿಯಾಗಲು ಅಷ್ಟಾಗಿ ಒಲ್ಲದ ಫಾರ್ಮಮೈಡನ್ನು. ಬಳಿಕ ದ್ರವದಲ್ಲಿ ತೊಯ್ದು ಸಾಗುವ ತಂತಿ, ದ್ರವವನ್ನು ಮೆತ್ತಿಕೊಂಡು ತಿರುಗುವ ಚಕ್ರ ಮೊದಲಾದುವು ಬಂದುವು. ಇವೆಲ್ಲ ಜಾಣತನದ ಯುಕ್ತಿಗಳೇ. ಆದರೆ ಶುದ್ಧವಾದ ನೀರು ಇವಕ್ಕೆ ಸುಲಭವಾಗಿ ಒಗ್ಗಲಿಲ್ಲ.

ನಿಜವಾದ ತಿರುವು ಜರ್ಮನಿಯ ಗಟ್ಟಿಂಗನ್ನಿನಲ್ಲಿ. ಆವಿಯನ್ನು ಪಂಪಿನಿಂದ ಸೋಲಿಸುವ ಹಟವನ್ನು ಮಾನ್‌ಫ್ರೆಡ್ ಫೌಬೆಲ್ ಮತ್ತು ಸಂಗಡಿಗರು ಕೈಬಿಟ್ಟು, ಧಾರೆಯನ್ನೇ ಕೂದಲಿಗಿಂತ ತೆಳ್ಳಗೆ ಮಾಡಿದರು. ಧಾರೆಯ ಅಡ್ಡಳತೆ ಮೇಲೆ ಹೇಳಿದ ಮುಕ್ತಪಥಕ್ಕೆ ಸಮನಾದರೆ, ಹೊರಟ ಆವಿಯು ಸುತ್ತಲೂ ಹರಡಿ ಬೇಗನೆ ವಿರಳವಾಗುತ್ತದೆ. ಎಲೆಕ್ಟ್ರಾನು ಬಹುಪಾಲು ಡಿಕ್ಕಿಯಿಲ್ಲದೆ ಪಾರಾಗುತ್ತದೆ. ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಓಡುವ ನೀರಿಗೆ ಹೆಪ್ಪುಗಟ್ಟಲೂ ಹೊತ್ತು ಸಾಲದು. ಮುಂದೆ ದ್ರವ ಸಾರಜನಕದಿಂದ ತಣಿಸಿದ ಬಲೆಯೊಂದು ಅದನ್ನು ಮಂಜುಗಡ್ಡೆಯಾಗಿ ಹಿಡಿದುಕೊಳ್ಳುತ್ತದೆ. 1988ರಲ್ಲಿ ಇಂಥ ಸೂಕ್ಷ್ಮಧಾರೆಯೂ 1997ರಲ್ಲಿ ನೀರು, ಆಲ್ಕೊಹಾಲು, ನೋನೇನುಗಳ ರೋಹಿತವೂ ಪ್ರಕಟವಾದುವು.

ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಸಣ್ಣ ರಂಧ್ರದಿಂದ ನುಗ್ಗುವ ಶುದ್ಧ ನೀರು ತಾನೇ ವಿದ್ಯುತ್ತನ್ನು ಹೊತ್ತುಕೊಂಡು ಅಳತೆಯನ್ನು ಜರುಗಿಸುತ್ತದೆ. ಚಿಟಿಕೆ ಉಪ್ಪನ್ನು ಸೇರಿಸಿ ಇದನ್ನು ತಗ್ಗಿಸುವುದು ರೂಢಿಯಾಯಿತು. ಅಡುಗೆಮನೆಯ ಉಪ್ಪು ಇಂಥ ಯಂತ್ರಕ್ಕೂ ಬೇಕಾಯಿತಲ್ಲ ಎಂದು ನಮಗೆ ನಗು ಬಂದುದುಂಟು. ಬರ್ಲಿನ್ನಿನ ಸಿಂಕ್ರೊಟ್ರಾನಿನಲ್ಲಿ ಬರ್ನ್ಡ್ ವಿಂಟರ್ ಮೊದಲಾದವರು 2004ರಲ್ಲಿ ದ್ರವ ನೀರಿನ ಅತಿ ಹೊರಗಿನ ಎಲೆಕ್ಟ್ರಾನಿನ ಬಂಧಕ ಶಕ್ತಿಯನ್ನು 11.16 ಎಲೆಕ್ಟ್ರಾನ್ ವೋಲ್ಟ್ ಎಂದು ಕೊಟ್ಟರು. ಆವಿಯಲ್ಲಿ ಅದು 12.6. ಸಂಖ್ಯೆ ಬಹುಕಾಲ ಪ್ರಮಾಣವಾಗಿ ನಿಂತಿತು. ಧಾರೆಗೆ ಋಣ ವೋಲ್ಟೇಜು ಕೊಟ್ಟು, ರೋಹಿತದ ಕೆಳತುದಿಯನ್ನೂ ಜೊತೆಗೇ ಅಳೆದಾಗ, 2021ರಲ್ಲಿ ಅದು 11.33ಕ್ಕೆ ಏರಿತು.